ಚಪ್ಪಾಳೆ ನಿಂತ ಮೇಲೆ



2020ರ ಮಾರ್ಚ್ 22ರ ಭಾನುವಾರ ಸಂಜೆ 5 ಗಂಟೆಗೆ ನಾವೆಲ್ಲ ಮನೆಬಾಗಿಲಲ್ಲಿ ನಿಂತು ವೈದ್ಯರಿಗೂ ದಾದಿಯರಿಗೂ ಚಪ್ಪಾಳೆ ತಟ್ಟಿದ್ದು ನಿಮಗೆ ನೆನಪಿರಬಹುದು. ಅದೇ ಗುರುವಾರದಿಂದ ಬ್ರಿಟನ್ನಿನ ಜನರೂ ಹತ್ತು ವಾರ ಹೀಗೆಯೇ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಂತ ಮೇಲೆ ದಾದಿಯರ ಗತಿ ಏನಾಯಿತು? ನಮ್ಮ ಧರ್ಮಕೇಂದ್ರಗಳ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ಊರು ಬಿಟ್ಟು, ದೇಶ ಬಿಟ್ಟು ಹೋಗಿದ್ದಾರೆ. ಆದ್ದರಿಂದ ಇದು ನಮ್ಮ ಮನೆಯ ಪ್ರಶ್ನೆಯೇ.

ಒಬ್ಬ ದಾದಿಯ ನಿರ್ಧಾರ

2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್‌ನಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದರು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆಯನ್ನು ತೆರೆದದ್ದು ಇದೇ ಆಸ್ಪತ್ರೆಯಲ್ಲಿ. ಏಪ್ರಿಲ್ 12ರ ಪಾಸ್ಖ ಭಾನುವಾರ ಬಿಡುಗಡೆಯಾದ ಪ್ರಧಾನಿ, ತಮ್ಮ ಹಾಸಿಗೆಯ ಪಕ್ಕ ಕಾದುನಿಂತ ಇಬ್ಬರು ದಾದಿಯರ ಹೆಸರು ಹೇಳಿ ಇಡೀ ದೇಶದ ಮುಂದೆ ಕೃತಜ್ಞತೆ ಸಲ್ಲಿಸಿದರು. ಅವರಲ್ಲಿ ಒಬ್ಬರು ನ್ಯೂಜಿಲೆಂಡಿನ ಜೆನಿ ಮೆಕ್‌ಗೀ. ಮರುವರ್ಷ ಮೇ ತಿಂಗಳಲ್ಲಿ ಅವರು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟ ಸುದ್ದಿ ಬಂತು. ದಾದಿಯರಿಗೆ ಸಲ್ಲಬೇಕಾದ ಗೌರವವೂ ಸಂಬಳವೂ ಸಿಗುತ್ತಿಲ್ಲ ಎಂಬುದು ಅವರ ನೋವು.

ಭಾರ ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ದಾದಿ ಇರಬೇಕೆಂಬುದು ನಿಯಮ. ಸಾಂಕ್ರಾಮಿಕದ ದಿನಗಳಲ್ಲಿ ಒಬ್ಬರೇ ಇಬ್ಬರನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ರೋಗಿಗಳನ್ನು ನೋಡಬೇಕಾಯಿತು. ಉಸಿರಾಟ ಸುಧಾರಿಸಲೆಂದು ರೋಗಿಯನ್ನು ಬೋರಲಾಗಿ ಮಲಗಿಸುವಾಗ ಕೊಳವೆಗಳು ಜಾರದಂತೆ ನಾಲ್ಕಾರು ಜನ ಒಟ್ಟಾಗಿ ತಿರುಗಿಸಬೇಕು. ಮುಖಗವಸು, ಮೈಗವಸು ತೊಟ್ಟ ಮೇಲೆ ಗಂಟೆಗಟ್ಟಲೆ ನೀರಿಲ್ಲ, ಶೌಚಕ್ಕೂ ಹೋಗುವಂತಿಲ್ಲ.

ಇವೆಲ್ಲ ಮೈಯ ದಣಿವು. ಮನಸ್ಸಿನ ದಣಿವು ಬೇರೆ. ಮನೆಯವರಿಗೆ ಒಳಗೆ ಪ್ರವೇಶವಿಲ್ಲದಾಗ ಸಾಯುವವರ ಕೈ ಹಿಡಿದವರು ದಾದಿಯರು. ಕಿವಿಗೆ ಫೋನ್ ಇಟ್ಟು ಮಕ್ಕಳ ಕೊನೆಯ ಮಾತು ಕೇಳಿಸಿದವರೂ ಅವರೇ. ಸರಿಯಾದ ಆರೈಕೆ ಯಾವುದೆಂದು ತಿಳಿದಿದ್ದರೂ ಮಾಡಲಾಗದೆ ಹೋದಾಗ ಹುಟ್ಟುವ ಈ ಸಂಕಟವನ್ನು ಆಂಡ್ರ್ಯೂ ಜೇಮ್‌ಟನ್ ಎಂಬ ವಿದ್ವಾಂಸರು 1984ರಲ್ಲೇ 'ನೈತಿಕ ಯಾತನೆ' ಎಂದು ಹೆಸರಿಸಿದ್ದರು.

2020ರ ಜೂನ್-ಜುಲೈಯಲ್ಲಿ ಇಂಗ್ಲೆಂಡಿನ ತೀವ್ರ ನಿಗಾ ಘಟಕಗಳ 709 ಸಿಬ್ಬಂದಿಯನ್ನು ಪ್ರಶ್ನಿಸಿದ ಒಂದು ಅಧ್ಯಯನದಲ್ಲಿ ಶೇ. 40 ಮಂದಿಯಲ್ಲಿ ಆಘಾತದ ನಂತರ ಕಾಡುವ ಮನೋವ್ಯಾಧಿಯ ಲಕ್ಷಣಗಳಿದ್ದವು. ಶೇ. 13 ಮಂದಿಗೆ, ಸತ್ತರೇ ಮೇಲು ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳಬೇಕು ಎಂಬಂಥ ಯೋಚನೆ ಬಂದಿತ್ತು. ವೈದ್ಯರಿಗಿಂತ ದಾದಿಯರಲ್ಲೇ ಈ ಬಾಧೆ ಹೆಚ್ಚು. ಇದು ಮನೋದೌರ್ಬಲ್ಯವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ.

ಎಲೀಯನಿಗೆ ಸಿಕ್ಕಿದ್ದೇನು?

ಪ್ರವಾದಿ ಎಲೀಯ ಸೋತು ಸುಣ್ಣವಾಗಿ, ಗಿಡದ ನೆರಳಲ್ಲಿ ಕುಳಿತು ಸಾವನ್ನೇ ಬೇಡಿದನು. ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಪಯಣದ ಮಾತು ಬಂದದ್ದು ಆಮೇಲೆ. ನಮಗೂ ಇದೇ ಪಾಠ:

1. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಮೊದಲು ಊಟ, ನಿದ್ದೆ. ಅಡುಗೆ, ಬಟ್ಟೆಬರೆಯ ಕೆಲಸವನ್ನು ಗಂಡ, ಮಕ್ಕಳು ಹಂಚಿಕೊಳ್ಳಲಿ.

2. ಅವಳು ಹೇಳಬಯಸಿದರೆ ಕೇಳಿ; ಬಲವಂತದಿಂದ ಹೇಳಿಸಬೇಡಿ. "ನೀನು ದೇವತೆ" ಎಂದು ಹೊಗಳಿದರೆ ಅವಳಿಗೆ ಅಳಲೂ ಜಾಗವಿರುವುದಿಲ್ಲ.

3. ನಿದ್ದೆಗೇಡು, ಸಿಡುಕು, ಮೌನ ವಾರಗಟ್ಟಲೆ ಮುಂದುವರಿದರೆ ವೈದ್ಯರ ಬಳಿ ಕರೆದೊಯ್ಯಿರಿ. ನಮ್ಮ ದೇಶದಲ್ಲಿ 14416 ಸಂಖ್ಯೆಗೆ ಕರೆ ಮಾಡಿದರೆ 'ಟೆಲಿ ಮಾನಸ್' ಸಹಾಯ ಉಚಿತವಾಗಿ ಸಿಗುತ್ತದೆ.

4. ದೂರದೇಶದ ಮಗಳಿಗೆ ಫೋನ್ ಮಾಡಿದಾಗ ಹಣದ ಮಾತಿಗೆ ಮೊದಲು ಅವಳ ನಿದ್ದೆ, ಊಟ ವಿಚಾರಿಸಿ.

5. ನ್ಯಾಯವಾದ ಸಂಬಳ, ಸಾಕಷ್ಟು ಸಿಬ್ಬಂದಿ, ವಾರದ ರಜೆ ಕೇಳುವ ದಾದಿಯರಿಗೆ ಸೇವಾಭಾವವಿಲ್ಲ ಎನ್ನಬೇಡಿ.

ದಾದಿಯರ ಪಾಲಕ ಸಂತ ಕಮಿಲಸರ ಹಬ್ಬ ಜುಲೈ 14ರಂದು. ಅಂದು ಅವರಿಗಾಗಿ ಪ್ರಾರ್ಥಿಸೋಣ. ಅಂದಿನ ಅಡುಗೆಯನ್ನೂ ನಾವೇ ಮಾಡೋಣ.

ಕುಟುಂಬದಲ್ಲಿ ಚರ್ಚಿಸಲು: ನಮ್ಮ ಬಂಧುಬಳಗದ ದಾದಿಯೊಬ್ಬಳು "ನನಗೆ ಸಾಕಾಗಿದೆ" ಎಂದರೆ ನಮ್ಮ ಮೊದಲ ಮಾತು ಏನಾಗಿರಬೇಕು?