ಅವಳಿ ಬಸಿರಿಗೆ ಬಿಪಿಯ ಕಾವಲು

ಅವಳಿ ಬಸಿರಿನಲ್ಲಿ ರಕ್ತದೊತ್ತಡ ಏರಿ ತೊಡಕಾಗುವ ಅಪಾಯ ಒಂಟಿ ಬಸಿರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಐವಿಎಫ್‌ನಿಂದ ನಿಂತ ಗರ್ಭವಾದರೆ, ಅದರಲ್ಲೂ ದಾನಿಯ ಅಂಡಾಣುವಿನದಾದರೆ, ಇನ್ನಷ್ಟು. ಒಂದೇ ಸಲಕ್ಕೆ ಎರಡು ಮಗುವಾದರೆ ಒಳ್ಳೆಯದಲ್ಲವೇ ಎಂದು ಎರಡು ಭ್ರೂಣ ಇಡಿಸಿಕೊಳ್ಳುವ ಆಸೆ ಸಹಜ. ಒಂದೇ ಸಾಕೆನ್ನುವ ವೈದ್ಯರ ಮಾತೇ ಕ್ಷೇಮ.

ದಕ್ಷಿಣ ಭಾರತದ ಮೊದಲ ಪ್ರನಾಳ ಶಿಶು 1990ರಲ್ಲಿ ಹುಟ್ಟಿದ್ದು ಚೆನ್ನೈಯಲ್ಲಿ. ಅಲ್ಲಿ ಐವಿಎಫ್ ಚಿಕಿತ್ಸೆ ಪಡೆದು ಹೆರಿಗೆಗೆ ಕರ್ನಾಟಕದ ತವರಿಗೆ ಬರುವವರು ಭ್ರೂಣ ಎಷ್ಟು, ತಾಜಾ ಇಟ್ಟದ್ದೋ ಶೈತ್ಯೀಕರಿಸಿದ್ದೋ ಎಂಬ ವಿವರದ ಕಾಗದ ತರಬೇಕು. ದಾನಿಯ ವಿಷಯ ಅತ್ತೆಗೆ ಹೇಳದಿದ್ದರೂ ನಡೆದೀತು, ವೈದ್ಯರಿಗೆ ಮುಚ್ಚಿಡಬಾರದು. ಬಿಪಿ ತೊಡಕಿನ ಅಪಾಯ ತಗ್ಗಿಸಲು ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕಾದರೆ, ವೈದ್ಯರು ಅದನ್ನು 16 ವಾರದೊಳಗೇ ಆರಂಭಿಸುವುದು ಮೇಲು.

20 ವಾರದ ನಂತರ ಬಿಪಿ 140/90 ಮುಟ್ಟಿದರೆ ಮೂತ್ರ, ರಕ್ತ ಪರೀಕ್ಷೆ ಆಗಲೇಬೇಕು. 160/110 ಆದರೆ, ಬಿಡದ ತಲೆನೋವು, ಕಣ್ಣು ಮಂಜು, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬೆಳಗಿನವರೆಗೆ ಕಾಯುವಂತಿಲ್ಲ. ನವಜಾತ ಶಿಶು ತೀವ್ರ ನಿಗಾ ಘಟಕವಿರುವ, ಚೆನ್ನೈಯ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಂಥ ಕಡೆಗೇ ಹೋಗಬೇಕು. ಹೆರಿಗೆಯಾದ ಮೊದಲ ವಾರದಲ್ಲೂ ಬಿಪಿ ಏರಬಹುದು. ಬಾಣಂತಿಯ ತಪಾಸಣೆ ಆರು ವಾರ ನಡೆಯಬೇಕು.