ಅರ್ಜಿಗೆ ಮೊದಲು ಜಿಲ್ಲೆಯನ್ನು ಅರಿಯಿರಿ

ಉಪಾಧ್ಯಾಯರ ನೇಮಕಕ್ಕೆ ಜಾಹೀರಾತು ಹೊರಟಿತೆಂದರೆ ನೀವು ಮೊದಲು ನೋಡುವುದು ಯಾವ ಜಿಲ್ಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂಬುದನ್ನು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗಲೂ ಅವನ್ನು ಜಿಲ್ಲಾವಾರು ಹಂಚಲಾಗಿತ್ತು. ಲೆಕ್ಕ ನೋಡುವುದು ತಪ್ಪಲ್ಲ. ಆದರೆ ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಗೆ ಸೇರಿದ್ದು. ಮುಂದೆ ನೀವಾಗಿ ಕೋರಿ ಬೇರೆ ಜಿಲ್ಲೆಗೆ ಹೋದರೆ ಅಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಎತ್ತು ಕೊಳ್ಳುವಾಗ ಸುಳಿ, ಹಲ್ಲು ನೋಡುವ ನಾವು, ಬಾಳಿನ ಬಹುಭಾಗ ಕಳೆಯಬೇಕಾದ ಜಿಲ್ಲೆಯನ್ನು ವಿಚಾರಿಸದೆ ಒಪ್ಪುವುದೆ?

ಕಂದಾಯ ಜಿಲ್ಲೆ ಬೇರೆ, ಶೈಕ್ಷಣಿಕ ಜಿಲ್ಲೆ ಬೇರೆ ಎಂಬುದನ್ನು ಮರೆಯಬೇಡಿ. ತುಮಕೂರು ಜಿಲ್ಲೆಯೊಳಗೆ ಮಧುಗಿರಿ, ಬೆಳಗಾವಿಯೊಳಗೆ ಚಿಕ್ಕೋಡಿ, ಉತ್ತರ ಕನ್ನಡದೊಳಗೆ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿವೆ. ತುಮಕೂರು ಪಟ್ಟಣದ ಸೌಕರ್ಯ ನೆನೆದು ಮಧುಗಿರಿ ಎಂದು ಬರೆದವರಿಗೆ ಪಾವಗಡದ ಗಡಿಹಳ್ಳಿ ದೊರೆಯಬಹುದು. ಅಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಶಿರಸಿಗೆ ಸೇರಿದ ಜೋಯಿಡಾದಲ್ಲಿ ಕಾಡಿನ ನಡುವೆ ಚದುರಿದ ಊರುಗಳು. ಹಲವು ಮನೆಗಳಲ್ಲಿ ಕೊಂಕಣಿ. ಇವು ಕೆಟ್ಟ ಸ್ಥಳಗಳೆಂದಲ್ಲ. ಮಗುವಿಗೆ ಕನ್ನಡ ಕಲಿಸುವ ಬಗೆಯೇ ಅಲ್ಲಿ ಬೇರೆ. ಅದನ್ನರಿಯದೆ ಹೋದ ಉಪಾಧ್ಯಾಯರು ರಜೆ ಹಾಕುತ್ತ ವರ್ಗಾವಣೆಗೆ ಕಾದು ಕುಳಿತರೆ, ವರ್ಷ ಕಳೆದುಕೊಳ್ಳುವವರು ಮಕ್ಕಳು.

ಇನ್ನು ಶಾಲೆಯ ವಿಚಾರ. ಯು-ಡೈಸ್ ದಾಖಲೆಯಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಉಂಟು. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿಗಳೆಷ್ಟು ಎಂಬುದು ಅಂತರ್ಜಾಲದಲ್ಲಿಯೇ ದೊರೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗಿನ ಶಾಲೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಅಂದರೆ ಚಿಕ್ಕ ಊರಿನಲ್ಲಿ ಐದು ತರಗತಿಗಳನ್ನು ಇಬ್ಬರೇ ನಡೆಸಬೇಕು. ಒಬ್ಬರು ಸಭೆಗೆ ಹೋದ ದಿನ ಐದೂ ನಿಮ್ಮವೇ!

ಕೌನ್ಸೆಲಿಂಗ್ ದಿನ ಶಾಲೆ ಆರಿಸಲು ಸಿಗುವುದು ಕೆಲವೇ ನಿಮಿಷ. ಆದ್ದರಿಂದ ಮೊದಲೇ ಆ ತಾಲ್ಲೂಕಿಗೆ ಒಮ್ಮೆ ಹೋಗಿ ಬನ್ನಿ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಹಳ್ಳ ತುಂಬಿದರೆ ದಾರಿ ಯಾವುದು, ಬಾಡಿಗೆಗೆ ಮನೆ ಸಿಗುವುದೆ ಎಂದು ಕೇಳಿ. ಮುಖ್ಯೋಪಾಧ್ಯಾಯರನ್ನಷ್ಟೇ ಅಲ್ಲದೆ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಬಿಸಿಯೂಟದ ಅಡುಗೆಯವರನ್ನೂ ಮಾತನಾಡಿಸಿ. ಹಿಂದಿನ ಮೇಷ್ಟ್ರು ಏಕೆ ಹೋದರೆಂಬುದನ್ನು ಅಡುಗೆಯವರು ಹೆಚ್ಚು ನೇರವಾಗಿ ಹೇಳುತ್ತಾರೆ.

ಹಳ್ಳಿಯ ಹಿರಿಯರಿಗೂ ಒಂದು ಮಾತು. ಹೀಗೆ ವಿಚಾರಿಸಲು ಬಂದವರಿಗೆ ಮಜ್ಜಿಗೆ ಕೊಟ್ಟು, ಇದ್ದುದನ್ನು ಇದ್ದಂತೆ ತಿಳಿಸಿ; ಸೋರುವ ಕೊಠಡಿಯನ್ನೂ ತೋರಿಸಿ.