ಇಂದಿನ ಧಮ್ಮ ಚಿಂತನೆ: ಮುಚ್ಚಿಟ್ಟ ಮಾತು



1955ರಲ್ಲಿ ಡೇವಿಡ್ ಲೀನ್ ನಿರ್ದೇಶಿಸಿದ ‘ಸಮ್ಮರ್‌ಟೈಮ್’ ಸಿನಿಮಾ. ಅಮೆರಿಕದ ಒಂಟಿ ಹೆಣ್ಣು ಜೇನ್ ರಜೆಗೆಂದು ವೆನಿಸ್‌ಗೆ ಹೋಗಿ, ಹಳೆ ಸಾಮಾನಿನ ಅಂಗಡಿಯ ರೆನಾಟೊನನ್ನು ಪ್ರೀತಿಸುತ್ತಾಳೆ. ಅವನಿಗೆ ಹೆಂಡತಿ ಮಕ್ಕಳಿರುವುದು ಅವಳಿಗೆ ಆಮೇಲೆ ಗೊತ್ತಾಗುತ್ತದೆ, ಅದೂ ಅವನ ಮಗನ ಬಾಯಿಂದ. ಕೊನೆಗೆ ಅವಳೇ ರೈಲು ಹತ್ತುತ್ತಾಳೆ. ಅವನು ಹೂವು ಹಿಡಿದು ಓಡಿ ಬರುತ್ತಾನೆ, ಕೈಗೆಟುಕುವುದಿಲ್ಲ. ಅವಳು ನಗುತ್ತಾ ಕೈಬೀಸುತ್ತಾಳೆ.

ಇಲ್ಲಿ ನೋವು ಕೊಟ್ಟದ್ದು ಪ್ರೀತಿಯಲ್ಲ, ಮುಚ್ಚಿಟ್ಟ ಸತ್ಯ. ಪಂಚಶೀಲದ ಮೂರನೆಯ, ನಾಲ್ಕನೆಯ ಶೀಲಗಳು ಒಟ್ಟಿಗೇ ಮುರಿದವು.

ನಮ್ಮ ಮಲ್ಪೆ ಬೀಚಿಗೂ ರಜೆಯಲ್ಲಿ ಹುಡುಗ ಹುಡುಗಿಯರು ಬರುತ್ತಾರೆ. ಅವರ ಜಾತಿ ಕೇಳುವುದು ಶೀಲವಲ್ಲ. ಪ್ರೀತಿಸಿದವರಿಗೆ ನಿಜ ಹೇಳುವುದು, ಹೋಗುವವರನ್ನು ಹೋಗಬಿಡುವುದು ಶೀಲ.

ಇಂದು ಯೋಚಿಸೋಣ: ನನ್ನವರಿಂದ ನಾನು ಏನನ್ನು ಮುಚ್ಚಿಟ್ಟಿದ್ದೇನೆ?

ಭವತು ಸಬ್ಬ ಮಂಗಲಂ.